ಶಾಲೆ ತೆರೆಯಿತು, ಮನದ ಬಾಗಿಲು ತೆರೆಯಿತೇ?

ತೇನಿ ಜಿಲ್ಲೆಯ ಊರುಗಳಿಂದ ಕೂಲಿಕಾರ್ಮಿಕರು ನಸುಕಿನಲ್ಲೇ ಜೀಪು ಹತ್ತಿ, ಕುಮಳಿ, ಕಂಬಮೆಟ್ಟು, ಬೋಡಿಮೆಟ್ಟುಗಳ ದಾರಿಯಾಗಿ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಹೋಗಿ ಸಂಜೆಗೆ ಮರಳುವುದು ಬಹುಕಾಲದ ವಾಡಿಕೆ. 2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದಾಗ ಈ ಘಟ್ಟದ ದಾರಿಗಳು ಮುಚ್ಚಿದವು. ದಿನಗೂಲಿ ನಿಂತಿತು. ಕಂಬಂ ಕಣಿವೆಯ ದ್ರಾಕ್ಷಿ ಬೆಳೆಗಾರರಿಗೂ ದಿಂಡಿಗಲ್ ಬಳಿಯ ಚಿನ್ನಾಳಪಟ್ಟಿಯ ಸುಂಗುಡಿ ಸೀರೆಯ ಕೆಲಸಗಾರರಿಗೂ ಮಾರುಕಟ್ಟೆ ದೂರವಾಯಿತು. ರೋಗ ತಗಲದ ಮನೆಗಳಲ್ಲಿಯೂ ನಾಳಿನ ಚಿಂತೆ ನೆಲೆಸಿತು.

ಮಕ್ಕಳ ಪಾಡು ಬೇರೆಯೇ. ತಮಿಳುನಾಡಿನಲ್ಲಿ ಹತ್ತನೆಯ ತರಗತಿಯ ಪರೀಕ್ಷೆ 2020ರ ಜೂನ್‌ನಲ್ಲಿ ರದ್ದಾಯಿತು. ಒಂದರಿಂದ ಎಂಟನೆಯ ತರಗತಿಗಳು ಮತ್ತೆ ತೆರೆದದ್ದು 2021ರ ನವೆಂಬರ್ 1ರಂದು. 2020ರಲ್ಲಿ ಒಂದನೆಯ ತರಗತಿಗೆ ಸೇರಿದ ಮಗು ತರಗತಿಯ ಕೋಣೆಯನ್ನು ಕಂಡದ್ದೇ ಎರಡನೆಯ ತರಗತಿಯಲ್ಲಿ. ಪಾಠದ ನಷ್ಟವನ್ನು ಪರೀಕ್ಷೆಯಿಂದ ಅಳೆಯಬಹುದು. ಗೆಳೆತನ, ಆಟ, ನಿದ್ದೆ, ದಿನಚರಿಗಳ ನಷ್ಟಕ್ಕೆ ಅಂಕಪಟ್ಟಿಯಿಲ್ಲ.

ದುಃಖಕ್ಕೂ ಸ್ಥಳವಿರಲಿಲ್ಲ. ಅಂತ್ಯಕ್ರಿಯೆಗೆ ಇಪ್ಪತ್ತು ಜನರ ಮಿತಿ ವಿಧಿಸಲಾಗಿತ್ತು. ಬಂಧುಗಳು ನೆರೆದು ಅತ್ತು, ಸತ್ತವರ ಗುಣಗಳನ್ನಾಡಿಕೊಂಡು ಹಗುರಾಗುವ ರೂಢಿ ತಪ್ಪಿತು. ಹಾಗೆ ಒಳಗೇ ಉಳಿದ ಶೋಕ ಕೆಲವರಲ್ಲಿ ನಿದ್ರಾಹೀನತೆಯಾಗಿ, ಸಿಟ್ಟಾಗಿ, ಕಾರಣ ತಿಳಿಯದ ಮೈನೋವಾಗಿ ಹೊರಬರುತ್ತದೆ.

ಇದು ಒಂದು ಕಣಿವೆಯ ಕಥೆಯಷ್ಟೇ ಅಲ್ಲ. ಸಾಂಕ್ರಾಮಿಕದ ಮೊದಲ ವರ್ಷದಲ್ಲಿ ಆತಂಕ ಮತ್ತು ಖಿನ್ನತೆ ಜಗತ್ತಿನಾದ್ಯಂತ ಶೇ. 25ರಷ್ಟು ಹೆಚ್ಚಿದವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಚ್‌ನಲ್ಲಿ ತಿಳಿಸಿತು. ಭಾರತದಲ್ಲಿ ಕೊರತೆ ಅದಕ್ಕಿಂತ ಹಳೆಯದು. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6 ಮಂದಿಗೆ ಮಾನಸಿಕ ತೊಂದರೆಯಿತ್ತು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ದೊರೆತಿರಲಿಲ್ಲ.

ಹೊರನಾಡ ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ಕಂಬಂ ಕಣಿವೆಯ ಕಪ್ಪಿಲಿಯರು, ದಿಂಡಿಗಲ್ ಭಾಗದ ಅನುಪ್ಪರು ತಲೆಮಾರುಗಳಿಂದ ಮನೆಯಲ್ಲಿ ಕನ್ನಡ ಆಡುತ್ತ ಬಂದವರು. ಸಂತೆ, ಕಚೇರಿ, ಆಸ್ಪತ್ರೆಗಳ ಮಾತು ತಮಿಳು. ಜ್ವರವನ್ನು ಯಾವ ಭಾಷೆಯಲ್ಲಿ ಹೇಳಿದರೂ ಔಷಧ ಸಿಕ್ಕೀತು. ಆದರೆ ಎದೆಯ ಭಾರವನ್ನು, ವಿಶೇಷವಾಗಿ ಮುದುಕರೂ ಚಿಕ್ಕ ಮಕ್ಕಳೂ, ತಾಯ್ನುಡಿಯಲ್ಲಿಯೇ ಬಿಚ್ಚಿ ಹೇಳಬಲ್ಲರು. ಮನೆಮಾತು ತಿಳಿದವರು ಕೇಳಿಸಿಕೊಳ್ಳದಿದ್ದರೆ ಆ ನೋವು ಹೇಳದೆಯೇ ಉಳಿದೀತು.

ಕೇಂದ್ರ ಸರಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸೇವೆ ಈ ದೃಷ್ಟಿಯಿಂದ ಉಪಯುಕ್ತ. 14416 ಸಂಖ್ಯೆಗೆ ಹಗಲಿರುಳು ಯಾವ ವೇಳೆಯಲ್ಲಾದರೂ ಉಚಿತವಾಗಿ ಕರೆಮಾಡಬಹುದು. ಸೇವೆಯ ಭಾಷೆಗಳಲ್ಲಿ ಕನ್ನಡವೂ ತಮಿಳೂ ಇವೆ.

ಆದರೂ ಮೊದಲ ಆಸರೆ ಮನೆಯೇ. ಮಗು ಎರಡು ವಾರಕ್ಕೂ ಮೀರಿ ಮಂಕಾಗಿದ್ದರೆ, ಆಟ ಬಿಟ್ಟರೆ, ಊಟ ನಿದ್ದೆ ಕೆಟ್ಟರೆ, ಶಾಲೆಯೆಂದರೆ ಅಂಜಿದರೆ ಅದನ್ನು ಸೋಮಾರಿತನವೆಂದು ಗದರಿಸಬಾರದು. ಸಾಯುವ ಮಾತಾಡಿದರೆ ಎರಡು ವಾರ ಕಾಯಲೂ ಬಾರದು. ಒಂಟಿಯಾಗಿ ಬಿಡದೆ ಕೂಡಲೇ ವೈದ್ಯರನ್ನು ಕಾಣಬೇಕು. ಉಳಿದ ದಿನಗಳಲ್ಲಿ, ರಾತ್ರಿಯೂಟದ ಹೊತ್ತಿಗೆ ಮೊಬೈಲು ಬದಿಗಿಟ್ಟು, "ಇಂದು ಹೇಗಿತ್ತು, ಮಗೂ?" ಎಂದು ಕೇಳಿ ಉತ್ತರ ಮುಗಿಯುವವರೆಗೆ ಕಾಯುವಷ್ಟು ವ್ಯವಧಾನ ಹಿರಿಯರಿಗಿರಲಿ.