ಸ್ಪ್ಯಾನಿಷ್ ತರಗತಿಗೆ ಯಾವ ಕಾದಂಬರಿ?

ಕುರುಡ ಭಿಕ್ಷುಕನೊಬ್ಬನಿಗೆ ದ್ರಾಕ್ಷಿಯ ಗೊಂಚಲೊಂದು ದಾನವಾಗಿ ದೊರೆಯಿತು. ಚೀಲದಲ್ಲಿಟ್ಟರೆ ಹಣ್ಣು ನಜ್ಜುಗುಜ್ಜಾಗುವುದೆಂದು, ತನ್ನ ಕೈಹಿಡಿದು ನಡೆಸುವ ಹುಡುಗನೊಡನೆ ಅಲ್ಲಿಯೇ ಕುಳಿತು ಹಂಚಿಕೊಂಡು ತಿನ್ನತೊಡಗಿದನು. ಸರದಿಯಂತೆ ಒಂದೊಂದೇ ಹಣ್ಣು ತೆಗೆಯಬೇಕೆಂಬುದು ಒಪ್ಪಂದ. ಸ್ವಲ್ಪ ಹೊತ್ತಿನಲ್ಲಿಯೇ ಕುರುಡನು ಎರಡೆರಡು ಕೀಳಲಾರಂಭಿಸಿದನು. ಅದನ್ನು ಕಂಡ ಹುಡುಗನು ಮೂರು ಮೂರು ನುಂಗಿದನು. ಗೊಂಚಲು ಬರಿದಾದೊಡನೆ, ಹುಡುಗನು ಮೂರು ಮೂರು ತಿಂದನೆಂದು ಕುರುಡನು ಹೇಳಿಬಿಟ್ಟನು! ಕಣ್ಣಿಲ್ಲದವನಿಗೆ ಅದು ತಿಳಿದುದು ಹೇಗೆ? ತಾನು ಎರಡೆರಡು ತಿನ್ನುತ್ತಿದ್ದರೂ ಹುಡುಗನು ತಕರಾರೆತ್ತದೆ ಸುಮ್ಮನಿದ್ದುದೇ ಸಾಕ್ಷಿ.

ಈ ಪ್ರಸಂಗವಿರುವುದು ‘ಲಾಸಾರಿಯೊ ದೆ ತೋರ್ಮೆಸ್’ ಎಂಬ ಸ್ಪ್ಯಾನಿಷ್ ಕಥಾನಕದಲ್ಲಿ. 1554ರಲ್ಲಿ ಅಚ್ಚಾದ ಈ ಪುಸ್ತಕದಲ್ಲಿ ಕರ್ತೃವಿನ ಹೆಸರಿಲ್ಲ. ಪಾದ್ರಿಗಳ ಕಪಟವನ್ನು ಬಯಲಿಗೆಳೆದುದಕ್ಕಾಗಿ 1559ರಲ್ಲಿ ಇದು ಸ್ಪೇನಿನ ನಿಷೇಧಿತ ಗ್ರಂಥಗಳ ಪಟ್ಟಿಗೆ ಸೇರಿತು. ಅದೇ ಪುಸ್ತಕದ ಆಯ್ದ ಭಾಗಗಳು ಇಂದು ಅಮೆರಿಕದ ಹೈಸ್ಕೂಲುಗಳ ಉನ್ನತ ಮಟ್ಟದ ಸ್ಪ್ಯಾನಿಷ್ ಸಾಹಿತ್ಯ ಪರೀಕ್ಷೆಗೆ ಪಠ್ಯವಾಗಿವೆ. ಆ ಪರೀಕ್ಷೆಯ ಪಟ್ಟಿಯಲ್ಲಿರುವ ಕೃತಿಗಳು ಒಟ್ಟು 38.

ಪಟ್ಟಿಯನ್ನು ಪರೀಕ್ಷಾ ಮಂಡಲಿಯೇ ಕೊಟ್ಟರೆ ಅಧ್ಯಾಪಕನ ಹೊಣೆ ಹಗುರ. ಆದರೆ ಎರಡು ಮೂರು ವರ್ಷ ವ್ಯಾಕರಣವನ್ನು ಅಭ್ಯಾಸ ಮಾಡಿ, ಮೊದಲ ಬಾರಿಗೆ ಒಂದು ಇಡೀ ಕಾದಂಬರಿಗೆ ಕೈಹಾಕುವ ತರಗತಿಗೆ ಯಾವ ಪುಸ್ತಕವನ್ನು ಕೊಡಬೇಕು? ಆಯ್ಕೆ ತಪ್ಪಿದರೆ ವಿದ್ಯಾರ್ಥಿಯು ಹತ್ತು ಪುಟಗಳಲ್ಲಿಯೇ ಕೈಚೆಲ್ಲುವನು. ಭಾಷೆಯೇ ತನಗೆ ಒಲಿಯದೆಂದು ತಿಳಿಯುವನು.

ಸರ್ವನಾಮವಿಲ್ಲದ ಸಾಲು

ಸ್ಪ್ಯಾನಿಷ್ 20 ರಾಷ್ಟ್ರಗಳ ಆಡಳಿತ ಭಾಷೆ. ಅದರ ಕೆಲವು ಗುಣಗಳು ಕನ್ನಡಿಗರಿಗೆ ಪರಿಚಿತವೆನಿಸುವುವು. ಅಲ್ಲಿ ‘ತು’ ಎಂದರೆ ನೀನು. ‘ಉಸ್ತೆದ್’ ಎಂದರೆ ಗೌರವದ ನೀವು. ನಮ್ಮಲ್ಲಿ ‘ಬಂದೆನು’ ಎಂದೊಡನೆ ‘ನಾನು’ ಎಂಬುದು ತಾನಾಗಿ ತಿಳಿಯುವಂತೆ, ಅಲ್ಲಿಯೂ ಕ್ರಿಯಾಪದದ ಪ್ರತ್ಯಯವೇ ಕರ್ತೃವನ್ನು ಸೂಚಿಸುವುದು. ಆದರೆ ಒಂದು ತೊಡಕುಂಟು. ‘ಬಂದನು’, ‘ಬಂದಳು’, ಗೌರವದ ‘ನೀವು ಬಂದಿರಿ’ ಎಂಬ ಮೂರಕ್ಕೂ ಸ್ಪ್ಯಾನಿಷಿನಲ್ಲಿ ‘ವಿನೊ’ ಎಂಬ ಒಂದೇ ರೂಪ. ಕಾದಂಬರಿಯ ಸಂಭಾಷಣೆಯಲ್ಲಿ ಸರ್ವನಾಮವೂ ಲೋಪವಾದಾಗ, ಬಂದವರು ಯಾರೆಂಬುದನ್ನು ಓದುಗನೇ ಹಿಂದಿನ ಸಾಲುಗಳಿಂದ ನೆನಪಿಟ್ಟುಕೊಂಡಿರಬೇಕು. ಭೂತಕಾಲದಲ್ಲಿಯೂ ಎರಡು ಬಗೆ: ಒಮ್ಮೆ ನಡೆದು ಮುಗಿದುದಕ್ಕೆ ಒಂದು ರೂಪ, ನಡೆಯುತ್ತಿದ್ದುದಕ್ಕೆ ಇನ್ನೊಂದು. ‘ಬಂದನು’, ‘ಬರುತ್ತಿದ್ದನು’ ಎನ್ನುವ ನಮಗೆ ಇದು ಸಹಜ. ಇಂಗ್ಲಿಷ್ ಮಾತೃಭಾಷೆಯವರಿಗೆ ದೊಡ್ಡ ಗೋಜಲು. ಇಂಥ ಸೂಕ್ಷ್ಮಗಳು ವ್ಯಾಕರಣದ ಕೋಷ್ಟಕದಿಂದ ಕೈಗೂಡುವುದು ಕಡಿಮೆ; ಕಥೆಯ ಓಟದಲ್ಲಿ ನೂರಾರು ಸಲ ಎದುರಾದಾಗಲೇ ಅವು ಮೈಗೂಡುವುವು.

ಕೀರ್ತಿಯ ಮೋಹ

ಹಾಗೆಂದು ಜಗತ್ಪ್ರಸಿದ್ಧ ಕೃತಿಯಿಂದಲೇ ಆರಂಭಿಸುವುದು ಜಾಣತನವಲ್ಲ. ಸೆರ್ವಾಂತೆಸ್ ಮಹಾಕವಿಯ ‘ದೊನ್ ಕಿಹೋತೆ’ಯ ಎರಡು ಭಾಗಗಳು ಹೊರಬಂದುದು 1605 ಮತ್ತು 1615ರಲ್ಲಿ. ಅಂದಿನ ನುಡಿ ಇಂದು ಸ್ಪೇನಿನವರಿಗೂ ಕಷ್ಟವೆಂದು, ಆಂದ್ರೆಸ್ ತ್ರಾಪಿಯೆಯೊ ಎಂಬ ಲೇಖಕರು 2015ರಲ್ಲಿ ಅದನ್ನು ಆಧುನಿಕ ಸ್ಪ್ಯಾನಿಷಿಗೆ ಇಳಿಸಿದರು. ಗಾರ್ಸಿಯಾ ಮಾರ್ಕೆಸ್ ಅವರ ‘ನೂರು ವರ್ಷಗಳ ಏಕಾಂತ’ದಲ್ಲಿ (1967) ತಲೆಮಾರಿನಿಂದ ತಲೆಮಾರಿಗೆ ಅವೇ ಹೆಸರುಗಳು ಮರುಕಳಿಸಿ, ಅನುಭವಸ್ಥ ಓದುಗರೂ ವಂಶವೃಕ್ಷವನ್ನು ಬರೆದಿಟ್ಟುಕೊಳ್ಳುವಂತಾಗುವುದು. ಗಾತ್ರ ಚಿಕ್ಕದಾದ ಮಾತ್ರಕ್ಕೂ ಪುಸ್ತಕ ಸುಲಭವಲ್ಲ. ಮೆಕ್ಸಿಕೋದ ಹುವಾನ್ ರುಲ್ಫೊ ಅವರ ‘ಪೆದ್ರೊ ಪಾರಾಮೊ’ (1955) ತೆಳುವಾದ ಪುಸ್ತಕ. ಆದರೆ ಅದರಲ್ಲಿ ಕಾಲಕ್ರಮ ಕಲಸಿಹೋಗಿದೆ, ಮಾತನಾಡುವವರು ಸತ್ತವರೋ ಬದುಕಿರುವವರೋ ಎಂಬುದು ತಟ್ಟನೆ ತಿಳಿಯದು.

ಯಾರೂ ಬಾರದ ಪೂಜೆ

ಹಾಗಾದರೆ ತಕ್ಕ ಪುಸ್ತಕ ಯಾವುದು? ಇಂಗ್ಲೆಂಡಿನ ಎ-ಲೆವೆಲ್ ಪಠ್ಯಪಟ್ಟಿಯಲ್ಲಿ ಸ್ಥಾನ ಪಡೆದ ರಾಮೋನ್ ಸೆಂದೆರ್ ಅವರ ‘ಸ್ಪೇನಿನ ರೈತನೊಬ್ಬನಿಗೆ ಶಾಂತಿಪೂಜೆ’ ಒಳ್ಳೆಯ ಉದಾಹರಣೆ. ಹಳ್ಳಿಯ ಚರ್ಚಿನಲ್ಲಿ ಮುದಿ ಪಾದ್ರಿ ಮೊಸೆನ್ ಮಿಯಾನ್, ಸತ್ತ ಪಾಕೋ ಎಂಬ ತರುಣನ ಆತ್ಮಶಾಂತಿಯ ಪೂಜೆಗೆ ಜನ ಬರುವರೆಂದು ಕಾದು ಕುಳಿತಿದ್ದಾನೆ. ಪಾಕೋಗೆ ಜ್ಞಾನಸ್ನಾನ ಮಾಡಿಸಿದವನೂ, ಮದುವೆ ಮಾಡಿಸಿದವನೂ ಅವನೇ. ಪಾಕೋ ಬೆಳೆದು, ಹುಲ್ಲುಗಾವಲಿಗಾಗಿ ಜಮೀನ್ದಾರನಿಗೆ ಬಡವರು ತೆರುತ್ತಿದ್ದ ಗೇಣಿಯನ್ನು ವಿರೋಧಿಸಿದನು. ಅಂತರ್ಯುದ್ಧ ಬಂದಾಗ ಅವನು ಅಡಗಿದ್ದ ಸ್ಥಳವನ್ನು, ನ್ಯಾಯವಾದ ವಿಚಾರಣೆ ನಡೆಯುವುದೆಂಬ ಮಾತನ್ನು ನಂಬಿ ಹೊರಗೆಡಹಿದವನೂ ಈ ಪಾದ್ರಿಯೇ. ವಿಚಾರಣೆ ನಡೆಯಲಿಲ್ಲ, ಪಾಕೋನನ್ನು ಗುಂಡಿಟ್ಟು ಕೊಂದರು. ಈಗ ಪೂಜೆಗೆ ಊರಿನವರಾರೂ ಬಾರರು. ಬರುವವರು ಪಾಕೋನ ವೈರಿಗಳಾದ ಮೂವರು ಧನಿಕರು ಮಾತ್ರ. ಪೂಜೆಯ ವೆಚ್ಚ ತಾನು ಕೊಡುವೆನೆಂದು ಒಬ್ಬೊಬ್ಬರೂ ಮುಂದೆ ಬರುವರು!

ಸೆಂದೆರ್ ಅವರಿಗೆ ಇದು ಕೇವಲ ಕಲ್ಪನೆಯಾಗಿರಲಿಲ್ಲ. 1936ರಲ್ಲಿ ಅವರ ಪತ್ನಿಯೂ ಸೋದರನೂ ಅದೇ ಯುದ್ಧದಲ್ಲಿ ಕೊಲೆಯಾದರು. ದೇಶಭ್ರಷ್ಟರಾಗಿ ಮೆಕ್ಸಿಕೋಗೆ ಹೋದ ಅವರು, ಮುಂದೆ ಅಮೆರಿಕದ ನ್ಯೂಮೆಕ್ಸಿಕೋ ವಿಶ್ವವಿದ್ಯಾಲಯದಲ್ಲಿ ಸ್ಪ್ಯಾನಿಷ್ ಸಾಹಿತ್ಯದ ಪ್ರಾಧ್ಯಾಪಕರಾದರು. ಕೃತಿಯು 1953ರಲ್ಲಿ ಮೆಕ್ಸಿಕೋದಲ್ಲಿ ‘ಮೊಸೆನ್ ಮಿಯಾನ್’ ಎಂಬ ಹೆಸರಿನಿಂದ ಅಚ್ಚಾಯಿತು. 1960ರಲ್ಲಿ ಈಗಿನ ಹೆಸರು ಬಂದಿತು. ಫ್ರಾಂಕೋನ ಆಳ್ವಿಕೆಯಲ್ಲಿದ್ದ ಸ್ಪೇನಿನಲ್ಲಿ ಅದರ ಪ್ರಕಟಣೆಗೆ 1974ರವರೆಗೆ ಕಾಯಬೇಕಾಯಿತು.

ತರಗತಿಗೆ ಇದು ಒಗ್ಗುವುದೇಕೆ? ವಾಕ್ಯಗಳು ಸರಳ, ಚರ್ಚು, ಹೊಲ, ಬೀದಿಗಳ ಪದಗಳು ಮರಳಿ ಮರಳಿ ಬರುವುವು. ಕಥೆಯು ಕಾಯುವಿಕೆಗೂ ನೆನಪಿಗೂ ನಡುವೆ ಓಡಾಡುವುದರಿಂದ ಭೂತಕಾಲದ ರೂಪಗಳೆಲ್ಲ ಅರ್ಥಸಹಿತ ಪರಿಚಯವಾಗುವುವು. ಎಲ್ಲಕ್ಕಿಂತ ಮಿಗಿಲಾಗಿ, ಪುಸ್ತಕ ಮುಚ್ಚಿದ ಮೇಲೆ ಒಂದು ಪ್ರಶ್ನೆ ಉಳಿಯುವುದು: ಪಾದ್ರಿ ಅಪರಾಧಿಯೋ, ಮೋಸಹೋದ ಮುದುಕನೋ?

ಮಾರ್ಕೆಸ್ ಅವರದೇ ‘ಮುನ್ಸೂಚನೆಯಿದ್ದ ಸಾವಿನ ವೃತ್ತಾಂತ’ವೂ (1981) ಇಂಥದೇ ಪುಸ್ತಕ. 1951ರಲ್ಲಿ ಕೊಲಂಬಿಯಾದಲ್ಲಿ ನಡೆದ ಕೊಲೆಯೊಂದು ಅದರ ಬೀಜ. ಶಬ್ದಸಂಪತ್ತು ಹೆಚ್ಚು ಕಠಿನವಾದರೂ, ಸಾಯುವವನು ಯಾರೆಂದು ಮೊದಲ ಸಾಲಿನಲ್ಲಿಯೇ ಹೇಳಿರುವುದರಿಂದ ವಿದ್ಯಾರ್ಥಿ ದಾರಿ ತಪ್ಪುವುದಿಲ್ಲ. ಕೊಲ್ಲುವೆವೆಂದು ಅವಳಿ ಸೋದರರು ಸಾರಿಕೊಂಡು ತಿರುಗಿದರೂ ಊರು ತಡೆಯಲಿಲ್ಲವೇಕೆ ಎಂಬುದೇ ಅಲ್ಲಿನ ಪ್ರಶ್ನೆ.

ವಾಕ್ಯ ಚಿಕ್ಕದಿರಲಿ, ಪ್ರಶ್ನೆ ದೊಡ್ಡದಿರಲಿ: ಅಧ್ಯಾಪಕನಿಗೆ ಇದಕ್ಕಿಂತ ನೇರವಾದ ಅಳತೆಗೋಲು ಬೇಕಿಲ್ಲ. ಪ್ರತ್ಯಯ ತಪ್ಪೀತೆಂಬ ಅಂಜಿಕೆಯಿಂದ ವರ್ಷವೆಲ್ಲ ಬಾಯಿಬಿಡದ ವಿದ್ಯಾರ್ಥಿಯೂ, ಪಾಕೋಗೆ ಆದ ಅನ್ಯಾಯವನ್ನು ಕಂಡು ಮಾತನಾಡದೆ ಇರಲಾರನು. ಪ್ರತ್ಯಯ ತಪ್ಪಿದರೆ ತಿದ್ದಬಹುದು. ಮೌನವನ್ನು ತಿದ್ದಲು ಯಾವ ಅಧ್ಯಾಪಕನಿಂದಲೂ ಸಾಧ್ಯವಿಲ್ಲ.