ತಲಕಾಡಿನ ಮರಳು

ಅಗರದ ಬಂಧುಗಳ ಮನೆಯಲ್ಲಿ ಬಿಡುವಿನ ದಿನಗಳನ್ನು ಕಳೆಯುತ್ತಿದ್ದ ನಾವು ಒಂದು ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಸಂಸಾರಸಮೇತ ತಲಕಾಡಿಗೆ ಹೊರಟೆವು. ಯಳಂದೂರು, ಸಂತೆಮರಹಳ್ಳಿ, ಮೂಗೂರುಗಳನ್ನು ಹಾದು ತಿರುಮಕೂಡಲು ನರಸೀಪುರದ ಮೇಲೆ ದಾರಿ. ವೃದ್ಧರಾದ ತಾಯಿಯವರಿಗೆ ದೇವರ ದರ್ಶನದ ಬಯಕೆ. ಮಕ್ಕಳಿಗೆ ಮರಳಿನ ಮೇಲೆ ಓಡುವ ಬಯಕೆ. ನಮಗೋ ಗಂಗರ ರಾಜಧಾನಿಯನ್ನು ಮಕ್ಕಳಿಗೆ ತೋರಿಸಬೇಕೆಂಬ ಹುಮ್ಮಸ್ಸು.

ಆದರೆ ತೋರಿಸಲು ರಾಜಧಾನಿಯೆಲ್ಲಿ? ಅರಮನೆಯಿಲ್ಲ, ಪೇಟೆಬೀದಿಯಿಲ್ಲ. ಮರಗಳ ನಡುವೆ ಮರಳಿನ ದಿಬ್ಬಗಳು. ದಿಬ್ಬಗಳ ನಡುವಣ ತಗ್ಗುಗಳಲ್ಲಿ ಗುಡಿಗಳು. ಪಾತಾಳೇಶ್ವರನ ದರ್ಶನಕ್ಕೆ ಮೆಟ್ಟಲುಗಳನ್ನು ಇಳಿದೇ ಹೋಗಬೇಕು. ಗಂಗರ ತರುವಾಯ ಚೋಳರು ಆಳಿದ ಈ ಪಟ್ಟಣವನ್ನು ಹೊಯ್ಸಳ ವಿಷ್ಣುವರ್ಧನನು ೧೧೧೬ರಲ್ಲಿ ಗೆದ್ದು 'ತಲಕಾಡುಗೊಂಡ'ನೆನಿಸಿದನು. ಆ ವಿಜಯದ ಕುರುಹಾದ ಕೀರ್ತಿನಾರಾಯಣನ ಗುಡಿಯೂ ತಗ್ಗಿನಲ್ಲಿಯೇ ನಿಂತಿದೆ.

ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚುವಾಗ ತಾಯಿಯವರು ಅಲಮೇಲಮ್ಮನ ಕಥೆಯನ್ನು ತೆಗೆದರು. ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ, ವಿಜಯನಗರದ ಪ್ರತಿನಿಧಿ ತಿರುಮಲರಾಯನ ಮಡದಿಯ ಒಡವೆಗಳಿಗಾಗಿ ಆಳುಗಳು ಬೆನ್ನಟ್ಟಿದರಂತೆ. ಆಕೆ ತಲಕಾಡು ಮರಳಾಗಲೆಂದು ಶಪಿಸಿ, ಮಾಲಂಗಿಯ ಮಡುವಿಗೆ ಹಾರಿದಳಂತೆ.

"ಅಜ್ಜಿ, ಒಬ್ಬರ ಮಾತಿಗೆ ಇಷ್ಟೊಂದು ಮರಳು ಬಂತೆ?" ಎಂದು ಕಿರಿಯ ಮಗ ಕೇಳಿದ.

"ನೊಂದವರ ಮಾತು, ಮಗು. ಸುಮ್ಮನೆ ಹೋಗುವುದಿಲ್ಲ" ಎಂದರು.

ಹುಡುಗನು ನಮ್ಮ ಮುಖ ನೋಡಿದ. ತಾಯಿಯವರ ಮುಂದೆ ಅಲ್ಲವೆನ್ನಲು ನಮಗೆ ಧೈರ್ಯ ಸಾಲಲಿಲ್ಲ. ಅವನನ್ನು ನದಿಯ ದಡಕ್ಕೆ ಕರೆದೊಯ್ದೆವು. ಕಾವೇರಿ ಇಲ್ಲಿ ದೊಡ್ಡದೊಂದು ತಿರುವು ತೆಗೆದುಕೊಳ್ಳುತ್ತಾಳೆ. ತಿರುವಿನಲ್ಲಿ ಹರಿವು ನಿಧಾನವಾದೆಡೆ ಮರಳು ತಂಗುತ್ತದೆ. ನೀರಿಳಿದಾಗ ಅದು ಬಯಲಾಗಿ ಒಣಗುತ್ತದೆ. ನೈರುತ್ಯದ ಗಾಳಿ ಎದ್ದಿತೆಂದರೆ ಕಣಗಳು ನೆಲಕ್ಕೆ ತಾಗಿಯೇ ನೆಗೆಯುತ್ತ ಸಾಗುತ್ತವೆ. ಗೋಡೆಯೊಂದು ಅಡ್ಡ ಬಂದರೆ ಅದರ ಬುಡದಲ್ಲಿ ರಾಶಿಯಾಗುತ್ತವೆ. ಮೇಲುಭಾಗದಲ್ಲಿ ಕಟ್ಟಿದ ಮಾಧವಮಂತ್ರಿ ಅಣೆಕಟ್ಟಿನಿಂದ ಹರಿವು ಕುಗ್ಗಿ ಮರಳು ಹೆಚ್ಚು ಬಯಲಾಯಿತೆನ್ನುವ ವಿದ್ವಾಂಸರೂ ಉಂಟು.

ಈ ಮರಳಿನ ನಡಿಗೆಯ ಲೆಕ್ಕವನ್ನು ರೈಸ್ ಸಾಹೇಬರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಕೊಟ್ಟಿದ್ದಾರೆ: ವರ್ಷಕ್ಕೆ ೯-೧೦ ಅಡಿ, ದಿಬ್ಬಗಳ ಸಾಲು ಸುಮಾರು ಒಂದು ಮೈಲಿ, ಅದರಡಿ ಮೂವತ್ತಕ್ಕೂ ಹೆಚ್ಚು ಗುಡಿಗಳಿವೆಯೆಂದು ಪ್ರತೀತಿ. ಹತ್ತಡಿಯೆಂಬುದು ಕಾಗದದ ಮೇಲೆ ಅಲ್ಪ. ಆದರೆ ನಲವತ್ತಡಿ ಉದ್ದದ ಮನೆಯನ್ನು ದಾಟಲು ಆ ಮರಳಿಗೆ ನಾಲ್ಕೇ ವರ್ಷ ಸಾಕು. ಈ ವರ್ಷ ಹಿತ್ತಿಲು, ಬರುವ ವರ್ಷ ಅಡಿಗೆಮನೆ. ಜನ ಮನೆ ಬಿಟ್ಟು ಒಳನಾಡಿನ ಕಡೆಗೆ ಸರಿಯಬೇಕು. ಮರಳು ಅಲ್ಲಿಗೂ ಬಂದರೆ ಮತ್ತೆ ಸರಿಯಬೇಕು. ಹೀಗೆ ಸರಿದವರು ಗಾಳಿಯನ್ನು ಕಾಣದವರೇನಲ್ಲ. ಪ್ರತಿ ವರ್ಷವೂ ಅದನ್ನು ಕಂಡವರೇ. ಆದರೆ ಗಾಳಿಯೊಡನೆ ಜಗಳವಾಡುವುದು ಹೇಗೆ? ಅನ್ಯಾಯಕ್ಕೊಳಗಾದ ಹೆಂಗಸಿನ ಶಾಪವೆಂದರೆ, ಕಳೆದುಹೋದ ಮನೆಗೆ ಒಂದು ಕಾರಣವಾದರೂ ದೊರೆಯಿತು. ಈ ಕಥೆಯನ್ನು ಮೌಢ್ಯವೆಂದು ತಳ್ಳಿಬಿಡುವವರು ಈ ಲೆಕ್ಕವನ್ನೊಮ್ಮೆ ಹಾಕಿ ನೋಡುವುದು ಒಳ್ಳೆಯದು.

ಹುಡುಗನಿಗೆ ಮಾತ್ರ ಬೇರೊಂದು ಚಿಂತೆ: "ಇಷ್ಟು ಮರಳು ಮುಚ್ಚದಿದ್ದರೆ ಗುಡಿಗಳು ಉಳಿಯುತ್ತಿದ್ದುವೆ?" ಪ್ರಶ್ನೆ ಲಘುವಾದುದಲ್ಲ. ೧೯೯೨-೯೩ರಲ್ಲಿ ಇಲ್ಲಿ ಉತ್ಖನನ ನಡೆಸಿದವರಿಗೂ ಹಳೆಯ ಕಾಲದ ನೆಲೆ ದೊರೆತದ್ದು ಇದೇ ಮರಳಿನ ಕೆಳಗೆ.

ಹಿಂದಿರುಗಿ ಬಂದಾಗ ತಾಯಿಯವರು ಬರಿಗಾಲಿನಲ್ಲಿ ವೈದ್ಯೇಶ್ವರನ ಗುಡಿಯತ್ತ ಹೊರಟಿದ್ದರು. ಬಿಸಿಲೇರಿ ಮರಳು ಕಾದಿತ್ತು. ಹುಡುಗನು ತನ್ನ ಪಾದರಕ್ಷೆಗಳನ್ನು ಕೈಯಲ್ಲಿ ಹಿಡಿದು ಅಜ್ಜಿಯ ಜೊತೆಗೆ ನಡೆದ.