ಆರೇ ಜನರ ಲೆಕ್ಕ

ಚೈನ್ ಮಾರಾಟದವರು ‘ಆರೇ ಜನರನ್ನು ಸೇರಿಸಿ, ಸಾಕು’ ಅಂತಾರಲ್ಲ, ಆ ಲೆಕ್ಕವನ್ನೇ ಪೂರ್ತಿ ಮಾಡೋಣ. ಆರು ಮಂದಿ ತಲಾ ಆರು ಜನರನ್ನು ತಂದರೆ 36, ಆಮೇಲೆ 216. ಹೀಗೇ ಹೋದರೆ ಹತ್ತನೇ ಸಾಲೊಂದಕ್ಕೇ 6,04,66,176 ಜನ ಬೇಕು. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆಯೇ 6.11 ಕೋಟಿ, ತೊಟ್ಟಿಲ ಕೂಸೂ ಸೇರಿ! ಕೊನೆಗೆ ಸೇರಿದವರು ಸೋಲುವುದು ಸೋಮಾರಿತನದಿಂದಲ್ಲ; ಸೇರಿಸಲು ಅವರಿಗೆ ಜನವೇ ಉಳಿದಿರುವುದಿಲ್ಲ.

‘ನಮ್ಮಲ್ಲಿ ಪ್ರೋಟೀನ್ ಪುಡಿ ಇದೆ, ಇದು ಚೈನ್ ಅಲ್ಲ’ ಎನ್ನುತ್ತಾರೆ. ಇರಲಿ. ಸದಸ್ಯರಲ್ಲದ ಪಕ್ಕದ ಮನೆಯವರು ಆ ಡಬ್ಬವನ್ನು ಅದೇ ರೇಟಿಗೆ ಎರಡನೇ ಸಲ ಕೊಳ್ಳುತ್ತಾರಾ? ಇಲ್ಲವಾದರೆ ಮಾರಾಟವಾಗುತ್ತಿರುವುದು ಪುಡಿಯಲ್ಲ, ಸದಸ್ಯತ್ವ. ಮೇಲಿನ ಕೆಲವರು ಕಾರು ಕೊಂಡಿದ್ದೂ ನಿಜವಿರಬಹುದು, ಕೆಳಗಿನವರ ದುಡ್ಡಿನಲ್ಲಿ. ಇಂಥ ಹಣ ಚಲಾವಣೆ ಯೋಜನೆಗಳನ್ನು 1978ರ ಕಾಯ್ದೆಯೇ ನಿಷೇಧಿಸಿದೆ. 2021ರ ನೇರ ಮಾರಾಟ ನಿಯಮಗಳಲ್ಲೂ ಇಂಥ ಪಿರಮಿಡ್ ಯೋಜನೆಗೆ ಅವಕಾಶವಿಲ್ಲ.